‘ಗೆ’ ಯಾರಿಗೆ?

ಕಾರವಾರದ ಮೀನುಪೇಟೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಅರ್ಧ ತಾಸು ನಿಂತರೆ ಸಾಕು, ಒಂದೇ ಮಾತು ಎರಡು ಭಾಷೆಗಳಲ್ಲಿ ಕಿವಿಗೆ ಬೀಳುತ್ತದೆ. ಬುಟ್ಟಿಯ ಮುಂದೆ ಕೂತ ಬಾಯಿ ತಾರ್ಲೆಯನ್ನು ಕೈಯಲ್ಲೆತ್ತಿ ತೋರಿಸುತ್ತಾಳೆ. ಸದಾಶಿವಗಡದ ಕಡೆಯ ಗಿರಾಕಿ ಮುಖ ಒಂದು ಬದಿಗೆ ತಿರುಗಿಸಿ, ‘ಮಾಕಾ ತಾರ್ಲೊ ಆವಡನಾ’ ಎನ್ನುತ್ತಾನೆ. ಕಚೇರಿ ಕೆಲಸಕ್ಕೆಂದು ಅಂಕೋಲೆಯಿಂದ ಬಸ್ಸಿನಲ್ಲಿ ಬಂದು ಅವನ ಹಿಂದೆಯೇ ನಿಂತ ಹೆಂಗಸು, ‘ನಂಗೂ ತಾರ್ಲೆ ಸೇರೂದಿಲ್ಲ ಬಾಯಿ, ಇಸ್ವಣ ಇದ್ರೆ ತೋರ್ಸು’ ಎನ್ನುತ್ತಾಳೆ. ಒಂದು ಕೊಂಕಣಿ, ಇನ್ನೊಂದು ಕನ್ನಡ. ಒಂದು ಆರ್ಯ ಕುಲದ ಭಾಷೆ, ಇನ್ನೊಂದು ದ್ರಾವಿಡ ಕುಲದ್ದು. ಕುಲಗೋತ್ರ ನೋಡಿದರೆ ಸಂಬಂಧವೇ ಕೂಡಿಬರದ ಈ ಎರಡು ಭಾಷೆಗಳು ಮೀನನ್ನು ಬೇಡವೆನ್ನುವ ರೀತಿಯಲ್ಲಿ ಮಾತ್ರ ಒಡಹುಟ್ಟಿದವರಂತೆ ನಡೆದುಕೊಳ್ಳುತ್ತವೆ.

ಇಬ್ಬರೂ ‘ನಾನು’ ಎನ್ನಲಿಲ್ಲ ಎಂಬುದನ್ನು ಗಮನಿಸಬೇಕು. ಕೊಂಕಣಿಯಲ್ಲಿ ‘ಹಾಂವ್’ ಎಂದರೆ ನಾನು, ‘ಮಾಕಾ’ ಎಂದರೆ ನನಗೆ. ಊಟ ಮಾಡುವಾಗ, ನಡೆಯುವಾಗ, ಬಯ್ಯುವಾಗ ‘ಹಾಂವ್’ ಎನ್ನುವ ಮನುಷ್ಯ ಇಷ್ಟಾನಿಷ್ಟದ ಮಾತು ಬಂದ ಕೂಡಲೇ ‘ಮಾಕಾ’ ಆಗುತ್ತಾನೆ. ಕನ್ನಡಿಗನ ಪಾಡೂ ಅದೇ. ವಾಕ್ಯದ ಯಜಮಾನಿಕೆ ಆಗ ಮೀನಿನ ಕೈಗೆ ಹೋಗುತ್ತದೆ. ಸೇರುವುದು, ಸೇರದಿರುವುದು ಮೀನಿನ ಕೆಲಸ. ಮನುಷ್ಯ ಅದು ಬಂದು ಸೇರಬೇಕಾದ ಜಾಗ, ಅಷ್ಟೆ.

ಇದೇ ಗಿರಾಕಿಯನ್ನು ಎತ್ತಿ ಚಿಲಿ ದೇಶದ ವಾಲ್ಪರೈಸೊ ಬಂದರಿನ ಮೀನಂಗಡಿಯ ಮುಂದೆ ನಿಲ್ಲಿಸಿದರೆ ಅಲ್ಲಿನವರು ಏನೆನ್ನುತ್ತಾರೆ? ‘ನೊ ಮೆ ಗುಸ್ತಾ’ ಎನ್ನುತ್ತಾರೆ. ‘ನೊ’ ಎಂದರೆ ಇಲ್ಲ, ‘ಮೆ’ ಎಂದರೆ ನನಗೆ, ‘ಗುಸ್ತಾ’ ಎಂದರೆ ರುಚಿಸುತ್ತದೆ. ನನಗೆ ರುಚಿಸುವುದಿಲ್ಲ. ಸುಮಾರು 50 ಕೋಟಿ ಜನರ ತಾಯಿನುಡಿಯಾದ ಸ್ಪ್ಯಾನಿಷ್, ಏಳು ಸಮುದ್ರದಾಚೆ ಕೂತು, ಕಾರವಾರದ ಮೀನುಪೇಟೆಯ ವ್ಯಾಕರಣವನ್ನೇ ಮಾತಾಡುತ್ತದೆ!

ಇದು ಬರೀ ಕುತೂಹಲದ ಸಂಗತಿಯಲ್ಲ, ಹೊಟ್ಟೆಪಾಡಿನ ವಿಷಯವೂ ಹೌದು. ಕಾರವಾರದ ಸುತ್ತಮುತ್ತಲಿನ ಎಷ್ಟೋ ಮನೆಗಳಲ್ಲಿ ಹಡಗಿನ ಕೆಲಸಕ್ಕೆ ಹೋದವರಿದ್ದಾರೆ. ಕೊಂಕಣಿಯಲ್ಲಿ ಅವರಿಗೆ ‘ತಾರ್ವಟಿ’ ಎಂಬ ಹೆಸರೇ ಇದೆ. ಹಡಗಿನವನಿಗೆ ನಾಲ್ಕು ಬಂದರಿನ ನಾಲ್ಕು ಮಾತು ಬೇಕು. ಹಾಗೆ ಹೊರಟ ಹುಡುಗನೊಬ್ಬ ಸ್ಪ್ಯಾನಿಷ್ ಕಲಿಯಲು ಕೂತನೆನ್ನಿ. ಅವನ ಕೈಗೆ ಸಿಗುವುದು ಇಂಗ್ಲಿಷಿನಲ್ಲಿ ಬರೆದ ಕೈಪಿಡಿ. ಅದರಲ್ಲಿ ‘ಲೈಕ್’ ಎಂಬುದರ ಎದುರು ‘ಗುಸ್ತಾರ್’ ಎಂದು ಅಚ್ಚಾಗಿರುತ್ತದೆ. ಇಂಗ್ಲಿಷಿನ ‘ಐ’ಗೆ ಸ್ಪ್ಯಾನಿಷಿನಲ್ಲಿ ‘ಯೊ’. ಎರಡನ್ನೂ ಜೋಡಿಸಿ ಹುಡುಗ ‘ಯೊ ಗುಸ್ತೊ’ ಎಂದುಬಿಡುತ್ತಾನೆ. ಕೇಳಿದವರು ನಗುತ್ತಾರೆ. ಏಕೆಂದರೆ ಅವನು ಹೇಳಿದ್ದು ‘ನನಗೆ ಮೀನು ಇಷ್ಟ’ ಎಂದಲ್ಲ. ತಾನೇ ರುಚಿಸುವ ಪದಾರ್ಥ ಎಂಬಂತೆ ಕೇಳಿಸಿರುತ್ತದೆ. ಕೈಪಿಡಿಗಳಲ್ಲಿ ಇದನ್ನು ತಪ್ಪಿಸಲು ಪುಟಗಟ್ಟಲೆ ವಿವರಣೆ, ಬಾಣದ ಗುರುತು, ‘ಹಿಂದುಮುಂದಾದ ಕ್ರಿಯಾಪದ’ ಎಂಬ ಎಚ್ಚರಿಕೆ. ಪಾಪ, ಇಂಗ್ಲಿಷಿನವನಿಗೆ ಅದು ಹಿಂದುಮುಂದೇ. ಅಂಕೋಲೆಯವನಿಗೆ ಏನು ಹಿಂದೆ, ಏನು ಮುಂದೆ? ಅವನು ಹುಟ್ಟಿದಾಗಿನಿಂದ ಆಡುತ್ತಿರುವ ಮಾತೇ ಅದು. ಮನೆಯ ಬಾಗಿಲಿನಿಂದ ನೇರ ಹೋಗಬಹುದಾದ ಊರಿಗೆ ಅವನನ್ನು ಲಂಡನ್ನಿನ ಮೇಲೆ ಸುತ್ತಿಸಿ ಕರೆದೊಯ್ಯುತ್ತಿದ್ದಾರೆ.

ಸ್ಪ್ಯಾನಿಷಿನ ಇನ್ನೊಂದು ನಿಯಮವೂ ಇಂಗ್ಲಿಷಿನವರನ್ನು ಕಾಡುತ್ತದೆ. ಒಂದು ಮಾವಿನ ಹಣ್ಣು ಇಷ್ಟವಾದರೆ ‘ಮೆ ಗುಸ್ತಾ’, ಹಲವು ಇಷ್ಟವಾದರೆ ‘ಮೆ ಗುಸ್ತಾನ್’. ತಿನ್ನುವವನು ಒಬ್ಬನೇ ಇದ್ದರೂ ಕ್ರಿಯಾಪದ ಬಹುವಚನ, ಯಾಕೆಂದರೆ ಅದು ಹೊಂದಿಕೊಳ್ಳುವುದು ಹಣ್ಣಿಗೆ, ತಿನ್ನುವವನಿಗಲ್ಲ. ಇದೂ ಈ ಕರಾವಳಿಗೆ ಹೊಸದಲ್ಲ. ಕೊಂಕಣಿಯವರು ಸ್ಪ್ಯಾನಿಷಿನವರಿಗಿಂತ ಒಂದು ಹೆಜ್ಜೆ ಮುಂದೆಯೇ ಹೋಗಿದ್ದಾರೆ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತಲ್ಲ, ಆ ಹಣ್ಣನ್ನು ತಿಂದ ಕೊಂಕಣಿಯವರು, ಗಂಡಸಾಗಲಿ ಹೆಂಗಸಾಗಲಿ, ‘ಆಂಬೊ ಆವಡ್ಲೊ’ ಎನ್ನುತ್ತಾರೆ, ಆಂಬೊ ಪುಲ್ಲಿಂಗ. ಭಾಜಿಯಾದರೆ ‘ಆವಡ್ಲಿ’, ಅದು ಸ್ತ್ರೀಲಿಂಗ. ಮೀನಾದರೆ ‘ನುಸ್ತೆಂ ಆವಡ್ಲೆಂ’, ಅದು ನಪುಂಸಕ. ತಿಂದವರು ಯಾರೆಂಬುದು ಕ್ರಿಯಾಪದಕ್ಕೆ ಬೇಕಾಗಿಯೇ ಇಲ್ಲ. ಕನ್ನಡದಲ್ಲಿ ಹಣ್ಣುಹಂಪಲಿಗೆ ಲಿಂಗದ ತಂಟೆಯಿಲ್ಲವಾದ್ದರಿಂದ ಇದು ಅಷ್ಟಾಗಿ ಕಾಣದು. ಮನುಷ್ಯರ ವಿಷಯ ಬಂದಾಗ ಕಾಣುತ್ತದೆ: ಹೊಸ ಮಾಸ್ತರರು ಮಕ್ಕಳಿಗೆ ಹಿಡಿಸಿದರು, ಹೊಸ ಸೊಸೆ ಅತ್ತೆಗೆ ಹಿಡಿಸಿದಳು, ಅಳಿಯ ಮಾವನಿಗೆ ಹಿಡಿಸಲಿಲ್ಲ. ಮೆಚ್ಚಿಕೊಂಡವರು ಮಕ್ಕಳಾದರೂ ಕ್ರಿಯಾಪದ ಕೈಮುಗಿಯುವುದು ಮಾಸ್ತರರಿಗೆ.

ಸ್ಪ್ಯಾನಿಷಿನವರಿಗೆ ಒಂದು ಚಟವಿದೆ. ‘ಹುವಾನನಿಗೆ ಮೀನು ಇಷ್ಟ’ ಎನ್ನಬೇಕಾದರೆ ‘ಹುವಾನನಿಗೆ, ಅವನಿಗೆ, ಮೀನು ರುಚಿಸುತ್ತದೆ’ ಎಂದು ‘ಗೆ’ಯನ್ನು ಎರಡು ಸಲ ಹಾಕುತ್ತಾರೆ. ಬರವಣಿಗೆಯ ಕನ್ನಡದಲ್ಲಿ ಇದು ಅತಿಯಾಯಿತು ಎನ್ನಿಸಬಹುದು. ಆದರೆ ಹಳ್ಳಿಯ ಅಜ್ಜಿಯೊಬ್ಬಳು, ‘ನಮ್ಮನೆ ಅಪ್ಪಂಗೆ, ಅವ್ರಿಗೆ ಬದನೆಕಾಯಿ ಸೇರೂದಿಲ್ಲ’ ಎಂದು ಹೇಳುವುದನ್ನು ಕೇಳಿದವರಿಗೆ ಅದೇನೂ ವಿಚಿತ್ರವೆನ್ನಿಸದು.

ಹಾಗಾದರೆ ಇಂಗ್ಲಿಷ್ ಮೊದಲಿನಿಂದಲೂ ‘ನಾನು, ನಾನು’ ಎನ್ನುವ ಭಾಷೆಯೇ? ಅಲ್ಲ, ಅಲ್ಲಿಯೇ ಇರುವುದು ಸ್ವಾರಸ್ಯ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಲೀಕಿಯನ್’ ಎಂಬ ಕ್ರಿಯಾಪದಕ್ಕೆ ‘ಹಿತವಾಗು, ಸೇರು’ ಎಂಬ ಅರ್ಥವಿತ್ತು. ಇಂದಿನ ‘ಲೈಕ್’ ಅದರದೇ ಮೊಮ್ಮಗ. ಆಗ ಅವರೂ ‘ರಾಜನಿಗೆ ಹಣ್ಣು ಸೇರಿದವು’ ಎಂಬ ರೀತಿಯಲ್ಲೇ ಮಾತಾಡುತ್ತಿದ್ದರು. ಕಾಲ ಕಳೆದಂತೆ ಇಂಗ್ಲಿಷಿನ ವಿಭಕ್ತಿ ಪ್ರತ್ಯಯಗಳು ಸವೆದುಹೋದವು. ರಾಜನಿಗೆ ಅಂಟಿದ್ದ ‘ಗೆ’ ಉದುರಿತು. ಉಳಿದದ್ದು ‘ರಾಜ, ಸೇರು, ಹಣ್ಣು’ ಎಂಬ ಮೂರು ಪದಗಳ ಸಾಲು. ವಾಕ್ಯದಲ್ಲಿ ಮೊದಲು ಬಂದವನೇ ಕರ್ತೃ ಎಂಬ ರೂಢಿ ಅಷ್ಟರಲ್ಲಿ ಬಲವಾಗಿತ್ತು. ಆದ್ದರಿಂದ ಮುಂದಿನ ತಲೆಮಾರು ಅದೇ ಸಾಲನ್ನು ‘ರಾಜ ಹಣ್ಣನ್ನು ಇಷ್ಟಪಟ್ಟ’ ಎಂದು ಅರ್ಥಮಾಡಿಕೊಂಡಿತು. ಪದಗಳು ಇದ್ದಲ್ಲೇ ಇದ್ದವು, ಯಜಮಾನಿಕೆ ಹಣ್ಣಿನಿಂದ ರಾಜನಿಗೆ ವರ್ಗವಾಯಿತು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ ರಾಜ ಮತ್ತು ಪೇರ್ ಹಣ್ಣಿನ ಉದಾಹರಣೆಯಿಂದಲೇ ಇದನ್ನು ವಿವರಿಸಿದ್ದು ಪ್ರಸಿದ್ಧವಾಗಿದೆ. ಹಳೆಯ ‘ಗೆ’ಯ ಕುರುಹು ಇಂಗ್ಲಿಷಿನಲ್ಲಿ ಇನ್ನೂ ಒಂದು ಕಡೆ ಉಳಿದಿದೆ. ದಿನಕ್ಕೆ ಹತ್ತು ಸಲ ಹೇಳುವ ‘ಪ್ಲೀಸ್’ ಎಂಬುದು ‘ನಿಮಗೆ ಇಷ್ಟವಾದರೆ’ ಎಂಬ ಮಾತು ಗಿಡ್ಡವಾಗಿ ಆದದ್ದು.

ತಮಾಷೆಯೆಂದರೆ ಸ್ಪ್ಯಾನಿಷ್ ನಡೆದದ್ದು ಇದಕ್ಕೆ ಎದುರು ದಿಕ್ಕಿನಲ್ಲಿ. ‘ಗುಸ್ತಾರ್’ ಎಂದರೆ ಮೊದಲು ಬಾಯಲ್ಲಿಟ್ಟು ರುಚಿ ನೋಡುವುದು. ಲ್ಯಾಟಿನ್ನಿನಿಂದ ಬಂದ ಪದ. ಸೆರ್ವಾಂಟಿಸನ ಕಾಲದಲ್ಲಿ, ಅಂದರೆ ನಾಲ್ಕು ಶತಮಾನಗಳ ಹಿಂದೆ, ಅದನ್ನು ‘ನಾನು’ ಎಂದು ಶುರುಮಾಡಿಯೇ ಹೆಚ್ಚಾಗಿ ಬಳಸುತ್ತಿದ್ದರು. ‘ನನಗೆ’ ಎಂಬ ಬಳಕೆ ಆಮೇಲೆ ಬಲಿತು ಹಳೆಯದನ್ನು ಮೂಲೆಗೆ ತಳ್ಳಿತು. ಇಂಗ್ಲಿಷ್ ಕಳೆದುಕೊಂಡದ್ದನ್ನು ಸ್ಪ್ಯಾನಿಷ್ ಗಳಿಸಿಕೊಂಡಿತು. ಆದ್ದರಿಂದ ಒಂದು ವಾಕ್ಯರೀತಿ ಹಳೆಯದು, ಹಿಂದುಳಿದದ್ದು. ಇನ್ನೊಂದು ಹೊಸದು, ಮುಂದುವರಿದದ್ದು ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ.

ಸ್ಪ್ಯಾನಿಷಿನ ಒಡಹುಟ್ಟು ಪೋರ್ಚುಗೀಸ್ ಮಾತ್ರ ಹಳೆಯ ದಾರಿಯನ್ನು ಬಿಡಲಿಲ್ಲ. ಅದೇ ಲ್ಯಾಟಿನ್ ಪದದಿಂದ ಹುಟ್ಟಿದ ‘ಗೊಸ್ತಾರ್’ ಅಲ್ಲಿದೆ, ಆದರೆ ಅದನ್ನು ಆಡುವವನು ‘ನಾನು’. ಈ ಪೋರ್ಚುಗೀಸ್ ಕಾರವಾರಕ್ಕೆ ದೂರದ ಭಾಷೆಯೇನಲ್ಲ. ಕಾಳಿ ನದಿ ದಾಟಿ ಮಾಜಾಳಿಯ ಗಡಿಗೆ ಹೋದರೆ ಅತ್ತ ಗೋವೆ. ಅಲ್ಲಿ 1510ರಿಂದ 1961ರವರೆಗೆ ಪೋರ್ಚುಗೀಸರ ಆಡಳಿತ. ನಾಲ್ಕೂವರೆ ಶತಮಾನದಲ್ಲಿ ಆ ಭಾಷೆ ಕೊಂಕಣಿಗೆ ಕೊಟ್ಟ ಪದಗಳಿಗೆ ಲೆಕ್ಕವಿಲ್ಲ. ಪಾವ್, ಚಾವಿ, ಅನಾನಸು ಗೋವೆಯನ್ನೂ ದಾಟಿ ಕನ್ನಡದವರ ಮನೆಗೂ ಬಂದವು. ಆದರೆ ಪಾವಿನ ಜೊತೆ ‘ನಾನು ಪಾವನ್ನು ಇಷ್ಟಪಡುತ್ತೇನೆ’ ಎಂಬ ಧಾಟಿ ಬರಲಿಲ್ಲ. ಪಾವ್ ತಿಂದ ಕೊಂಕಣಿಯವರು ‘ಮಾಕಾ ಪಾವ್ ಆವಡ್ತಾ’ ಎಂದೇ ಹೇಳಿಕೊಂಡು ಬಂದರು. ರೊಟ್ಟಿ ಪರರದ್ದಾದರೂ ನಾಲಿಗೆ ತಮ್ಮದೇ ಆಗಿತ್ತು.

ಈ ‘ಗೆ’ ಭರತಖಂಡದ ಉದ್ದಗಲಕ್ಕೂ ಇದೆ. ತಮಿಳರು ‘ಎನಕ್ಕು ಪಿಡಿಕ್ಕುಂ’ ಎನ್ನುತ್ತಾರೆ. ನಮ್ಮ ‘ಹಿಡಿಸುತ್ತದೆ’ಯ ಅಣ್ಣ ಅದು. ತೆಲುಗರಿಗೆ ‘ನಾಕು’, ಮಲಯಾಳಿಗಳಿಗೆ ‘ಎನಿಕ್ಕು’, ಮರಾಠಿಗರಿಗೆ ‘ಮಲಾ’, ಹಿಂದಿಯವರಿಗೆ ‘ಮುಝೇ’. ಅಮೆರಿಕದ ವಿದ್ವಾಂಸ ಎಮೆನೊ 1956ರಲ್ಲಿ, ಬೇರೆ ಬೇರೆ ಕುಲದ ಭಾಷೆಗಳೂ ಒಂದೇ ನೆಲದಲ್ಲಿ ಕೂಡಿ ಬಾಳಿದರೆ ನಡೆನುಡಿ ಒಂದಾಗುತ್ತದೆ ಎಂಬುದಕ್ಕೆ ಭಾರತವನ್ನು ನಿದರ್ಶನವಾಗಿ ಕೊಟ್ಟರು. ಕಾಲಿನ್ ಮಸಿಕಾ 1976ರ ತಮ್ಮ ಪುಸ್ತಕದಲ್ಲಿ ಈ ‘ಗೆ’ ವಾಕ್ಯಗಳನ್ನು ಅದರ ಗುರುತುಗಳಲ್ಲಿ ಒಂದಾಗಿ ಎತ್ತಿಕೊಂಡರು. ಪಾಣಿನಿಗಂತೂ ಇದು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಣ್ಣಿಗೆ ಬಿದ್ದಿತ್ತು. ರುಚಿಸುವುದು ಎಂಬ ಅರ್ಥದ ಧಾತು ಬಂದಾಗ, ಯಾರಿಗೆ ರುಚಿಸುತ್ತದೋ ಅವರನ್ನು ‘ಸಂಪ್ರದಾನ’ ಎನ್ನಬೇಕೆಂದು ಅಷ್ಟಾಧ್ಯಾಯಿಯಲ್ಲಿ ಅವನು ಪ್ರತ್ಯೇಕ ಸೂತ್ರವನ್ನೇ ಮಾಡಿದ್ದಾನೆ. ಸಂಪ್ರದಾನವೆಂದರೆ ದಾನ ಪಡೆಯುವವರ ಸ್ಥಾನ. ಎಷ್ಟು ಚಂದದ ಕಾಣ್ಕೆ! ಮೋದಕವನ್ನು ಮೆಚ್ಚುವವನು ಮೋದಕಕ್ಕೆ ಏನನ್ನೋ ಮಾಡುತ್ತಿಲ್ಲ, ಮೋದಕದಿಂದ ಏನನ್ನೋ ಪಡೆಯುತ್ತಿದ್ದಾನೆ.

ಶಾಲೆಯ ವ್ಯಾಕರಣ ಪಾಠಕ್ಕೆ ಬಂದರೆ ಈ ಚಂದವೆಲ್ಲ ಮಾಯ. ಚತುರ್ಥಿ ವಿಭಕ್ತಿ ಎಂದ ಕೂಡಲೇ ಒಬ್ಬರು ಇನ್ನೊಬ್ಬರಿಗೆ ಹಣ್ಣನ್ನೋ ಪುಸ್ತಕವನ್ನೋ ಕೊಟ್ಟೇ ಕೊಡುತ್ತಾರೆ. ತರಗತಿಯಲ್ಲಿ ಕೂತ ಮಗು ಬೆಳಗಿನಿಂದ ‘ನಂಗೆ ಹಸಿವಾಯ್ತು, ನಂಗೆ ಗೊತ್ತಿಲ್ಲ, ನಂಗೆ ಬೇಡ, ನಂಗೆ ನಿದ್ದೆ ಬಂತು’ ಎಂದು ಇಪ್ಪತ್ತು ಸಲ ‘ಗೆ’ ಬಳಸಿರುತ್ತದೆ. ಅದರಲ್ಲಿ ಒಂದರಲ್ಲೂ ಯಾರೂ ಯಾರಿಗೂ ಏನನ್ನೂ ಕೊಟ್ಟಿರುವುದಿಲ್ಲ. ಕರ್ತೃಪದ ಗುರುತಿಸಿ ಎಂಬ ಪ್ರಶ್ನೆಗೆ ‘ನನಗೆ ಮೀನು ಸೇರುತ್ತದೆ’ ಎಂಬ ವಾಕ್ಯ ಕೊಟ್ಟು ನೋಡಿ. ಮಗು ‘ನನಗೆ’ ಎಂದರೆ ತಪ್ಪು, ‘ಮೀನು’ ಎಂದರೆ ಅಂಕ. ಕನ್ನಡದ ಮಾತಿಗೆ ಸಂಸ್ಕೃತದ ಅಳತೆಗೋಲು ಹಿಡಿದರೆ ಹೊಂದುವುದಿಲ್ಲವೆಂದು ಡಿ. ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದು ವಾದಿಸಿದರು; ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಹೆಸರಿನಲ್ಲೇ ಅವರ ವಾದವೆಲ್ಲ ಇದೆ.

ಮಗುವಿನ ಉತ್ತರ ನಿಜಕ್ಕೂ ತಪ್ಪೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ‘ಗಣಪತಿಗೆ ತನ್ನ ಊರೆಂದರೆ ಇಷ್ಟ’ ಎನ್ನುತ್ತೇವೆ. ಈ ‘ತನ್ನ’ ಯಾರದ್ದು? ಗಣಪತಿಯದು. ‘ತಾನು’ ಎಂಬ ಪದ ಸಾಮಾನ್ಯವಾಗಿ ಕರ್ತೃವಿನ ಬೆನ್ನು ಹಿಡಿದು ಹೋಗುವಂಥದ್ದು. ಇಲ್ಲಿ ಅದು ‘ಗೆ’ ಹಚ್ಚಿಕೊಂಡವನ ಬೆನ್ನು ಹಿಡಿದಿದೆ. ‘ಅವಳಿಗೆ ದಿನಾ ಮೀನು ತಿಂದು ಬೇಸರ ಬಂತು’ ಎಂಬ ವಾಕ್ಯ ನೋಡಿ. ಬಂದದ್ದು ಬೇಸರ. ಮೀನು ತಿಂದದ್ದೂ ಬೇಸರವೇ? ಅಲ್ಲ, ಅವಳು. ಹೀಗೆ ‘ಗೆ’ ಹಚ್ಚಿಕೊಂಡ ಮನುಷ್ಯ ವೇಷದಲ್ಲಿ ಕರ್ತೃವಲ್ಲ, ನಡವಳಿಕೆಯಲ್ಲಿ ಕರ್ತೃವೇ. ಕನ್ನಡದ ಈ ವಾಕ್ಯಗಳನ್ನಿಟ್ಟುಕೊಂಡು ಎಸ್. ಎನ್. ಶ್ರೀಧರ್ 1979ರಲ್ಲಿ ಕರ್ತೃ ಎಂದರೆ ಯಾರು ಎಂಬ ಪ್ರಶ್ನೆಯನ್ನೇ ಎತ್ತಿ ಪ್ರಬಂಧ ಬರೆದರು. ಆ ಮೇಲೆ ಈ ಚರ್ಚೆ ಜಗತ್ತಿನ ಭಾಷಾವಿಜ್ಞಾನಿಗಳ ನಡುವೆ ಬಹಳ ಬೆಳೆಯಿತು. ಶಾಲೆಯ ಪಾಠದ ಕಿಟಕಿಯಿಂದ ಅದು ಒಳಗೆ ಬಂದಂತಿಲ್ಲ.

ಹಡಗಿನ ಹುಡುಗನಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಷ್ಟದ ವಿಷಯದಲ್ಲಿ ಜೊತೆಗೆ ಬಂದ ಸ್ಪ್ಯಾನಿಷ್ ಮುಂದಿನ ತಿರುವಿನಲ್ಲಿ ಕೈಬಿಡುತ್ತದೆ. ‘ನನಗೆ ಬೇಕು’ ಎನ್ನಲು ಅಲ್ಲಿ ‘ನಾನು’ ಬೇಕು. ‘ನನಗೆ ಗೊತ್ತು’ ಎನ್ನಲೂ ‘ನಾನು’. ಹಸಿವಂತೂ ಅವರಿಗೆ ಆಗುವುದೇ ಇಲ್ಲ. ಅವರು ಹಸಿವನ್ನು ‘ಹೊಂದಿರುತ್ತಾರೆ’, ಮನೆ ಹೊಲ ಹೊಂದಿದ ಹಾಗೆ. ತಲೆನೋವು ಬಂದಾಗ ಮಾತ್ರ ಮತ್ತೆ ನಮ್ಮ ದಾರಿಗೆ ಬಂದು ‘ನನಗೆ ತಲೆ ನೋಯುತ್ತದೆ’ ಎನ್ನುತ್ತಾರೆ. ಕನ್ನಡದಲ್ಲಿ ಇವೆಲ್ಲಕ್ಕೂ ಒಂದೇ ‘ಗೆ’. ಇಷ್ಟ, ಬೇಕು, ಬೇಡ, ಗೊತ್ತು, ಹಸಿವು, ನಿದ್ದೆ, ಸಿಟ್ಟು, ನಾಚಿಕೆ, ಜ್ವರ. ಇವುಗಳಲ್ಲಿ ಯಾವುದನ್ನೂ ಅಪ್ಪಣೆ ಕೊಟ್ಟು ಮಾಡಿಸಲಾಗದು. ‘ತಿನ್ನು’ ಎಂದು ತಾಯಿ ಮಗುವಿಗೆ ಗದರಿಸಬಹುದು. ‘ಇಷ್ಟವಾಗಿಸಿಕೊ’ ಎಂದು ಗದರಿಸಿದರೆ ಮಗುವೇ ನಕ್ಕೀತು. ‘ತಿಂದು ನೋಡು, ಸೇರ್ತದೆ’ ಎಂದು ಪುಸಲಾಯಿಸಬಹುದು, ಅಷ್ಟೆ.

ಇದನ್ನೇ ಹಿಡಿದುಕೊಂಡು, ‘ನನಗೆ’ ಎನ್ನುವ ಜನ ಯಾವುದಕ್ಕೂ ಹೊಣೆ ಹೊರದ ಜನ, ಎಲ್ಲವೂ ತಮಗೆ ತಾವಾಗಿ ಆಗುತ್ತವೆ ಎಂದು ಕೈಕಟ್ಟಿ ಕೂರುವವರು ಎಂದು ಹೇಳುವವರಿದ್ದಾರೆ. ಕೇಳಲು ಸೊಗಸಾದ ವಾದ, ಆದರೆ ಪೊಳ್ಳು. ಕನ್ನಡದಲ್ಲಿ ‘ನಾನು’ ಎನ್ನುವ ಇಷ್ಟಾನಿಷ್ಟದ ಪದಗಳೂ ಇವೆ. ಘಟ್ಟ ಹತ್ತಿ ಧಾರವಾಡದ ಕಡೆ ಹೋದರೆ ‘ನಾ ಒಲ್ಲೆ’ ಎನ್ನುತ್ತಾರೆ. ಒಲ್ಲೆ, ಒಲ್ಲೆವು, ಒಲ್ಲಳು: ಅಲ್ಲಿ ‘ಗೆ’ಗೆ ಜಾಗವೇ ಇಲ್ಲ. ದೇವರು ಭಕ್ತನಿಗೆ ಒಲಿಯುತ್ತಾನೆ, ದೊರೆ ಕವಿಯನ್ನು ಮೆಚ್ಚುತ್ತಾನೆ. ‘ಒಲ್ಲೆ’ ಎನ್ನುವವಳು ಬರೀ ತನಗೇನು ಅನಿಸುತ್ತದೆ ಎಂದು ಹೇಳುತ್ತಿಲ್ಲ, ತನ್ನ ತೀರ್ಮಾನ ತಿಳಿಸುತ್ತಿದ್ದಾಳೆ. ಅನಿಸುವುದಕ್ಕೆ ‘ನನಗೆ’, ತೀರ್ಮಾನಕ್ಕೆ ‘ನಾನು’. ಈ ಎರಡನ್ನೂ ಬೇರೆ ಬೇರೆ ಇಡುವುದು ಭಾಷೆಗೆ ಸಾಧ್ಯವಿದ್ದರೆ ಅದು ಬಡತನವೇ?

ಅಂಕೋಲೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ‘ಕರ್ನಾಟಕದ ಬಾರ್ಡೋಲಿ’ ಎಂದು ಹೆಸರಾದ ತಾಲ್ಲೂಕು ಅದು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಲ್ಲಿ ಉಪ್ಪಿನ ಕಾಯಿದೆ ಮುರಿದರು. ಮುಂದೆ ಕರನಿರಾಕರಣೆ ನಡೆಯಿತು. ರೈತರು ಜಮೀನು ಕಳೆದುಕೊಂಡರು. ‘ನಮಗೆ ಕರ ಕೊಡಲು ಮನಸ್ಸಿಲ್ಲ’ ಎಂದಿದ್ದರೆ ಯಾರ ಜಮೀನೂ ಹೋಗುತ್ತಿರಲಿಲ್ಲ. ಮನಸ್ಸಿಲ್ಲದೆಯೇ ಕರ ಕೊಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ಜಮೀನು ಹೋದದ್ದು ‘ನಾವು ಕೊಡುವುದಿಲ್ಲ’ ಎಂದದ್ದಕ್ಕೆ. ಇದರ ಮಗ್ಗುಲಲ್ಲೇ ಇನ್ನೊಂದು ಕಥೆಯಿದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಮೇಲೆ ಕಾರವಾರ, ಅಂಕೋಲೆ ತಾಲ್ಲೂಕುಗಳ ಕಡಲಂಚಿನ ಊರುಗಳ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಅವರ ಬಗ್ಗೆ ಬರೆಯುವಾಗ ಎರಡು ವಾಕ್ಯ ಬೇಕಾಗುತ್ತದೆ: ಅವರಿಗೆ ಮನಸ್ಸಿರಲಿಲ್ಲ, ಅವರು ಬಿಟ್ಟರು. ಮೊದಲ ವಾಕ್ಯವನ್ನು ಅಳಿಸಿ ಎರಡನೆಯದನ್ನು ಮಾತ್ರ ಉಳಿಸಿಕೊಂಡರೆ ಕಾಗದಪತ್ರ ಚೊಕ್ಕವಾಗುತ್ತದೆ. ‘ಗೆ’ ಇಲ್ಲದ ಕಾಗದಪತ್ರಗಳೇ ಹೆಚ್ಚು.

ಬರವಣಿಗೆಯ ಕನ್ನಡದಲ್ಲಿ ಈಚೆಗೆ ‘ಗೆ’ ಸವೆಯುತ್ತಿರುವುದು ಬೇರೆ ರೀತಿಯಲ್ಲಿ. ‘ನಾನು ಮಾವಿನಹಣ್ಣನ್ನು ಇಷ್ಟಪಡುತ್ತೇನೆ’, ‘ಅವಳು ಮಳೆಯನ್ನು ಇಷ್ಟಪಡುವುದಿಲ್ಲ’. ಅನುವಾದದ ಅಭ್ಯಾಸಗಳಲ್ಲಿ, ಜಾಹೀರಾತಿನಲ್ಲಿ, ಡಬ್ಬಿಂಗ್ ಸಿನಿಮಾದಲ್ಲಿ ಎಲ್ಲರೂ ಏನನ್ನೋ ಇಷ್ಟಪಡುತ್ತಲೇ ಇರುತ್ತಾರೆ. ಪದದ್ದೇನೂ ತಪ್ಪಿಲ್ಲ. ‘ಇಷ್ಟಪಟ್ಟು ಉಂಡರು’, ‘ಇಷ್ಟಪಟ್ಟು ಮದುವೆಯಾದರು’ ಎಂಬ ಮಾತು ಮನೆಮನೆಯಲ್ಲಿದೆ. ‘ಪಡು’ ಎಂಬುದು ಕಷ್ಟಪಡು, ದುಃಖಪಡು ಎಂಬಲ್ಲಿಯ ‘ಪಡು’ವೇ, ಅನುಭವಿಸು ಎಂದೇ ಅದರ ಅರ್ಥ. ತೊಂದರೆ ಇರುವುದು ಸೇರು, ಹಿಡಿಸು, ಒಗ್ಗು, ರುಚಿಸು, ಮನ ಒಪ್ಪು ಎಂಬ ಹತ್ತು ಹದಿನೈದು ಮಾತುಗಳ ಜಾಗದಲ್ಲಿ ಇದೊಂದೇ ಬಂದು ಕೂತಿರುವುದರಲ್ಲಿ. ಹವೆ ಒಗ್ಗಬೇಕು, ಅನ್ನ ಸೇರಬೇಕು, ಜನ ಹಿಡಿಸಬೇಕು, ಮಾತು ಮನಸ್ಸಿಗೆ ಬರಬೇಕು. ಘಟ್ಟದ ಮೇಲಿನಿಂದ ವರ್ಗವಾಗಿ ಕಾರವಾರಕ್ಕೆ ಬಂದ ಗುಮಾಸ್ತನಿಗೆ ಮೊದಲ ಮಳೆಗಾಲದಲ್ಲಿ ಹವೆ ಒಗ್ಗದಿರಬಹುದು, ಆದರೆ ಜನ ಹಿಡಿಸಬಹುದು. ಎರಡಕ್ಕೂ ‘ಇಷ್ಟಪಡು’ ಎಂದರೆ ಮಳೆಗೂ ಮನುಷ್ಯರಿಗೂ ಒಂದೇ ತಕ್ಕಡಿಯಾಯಿತು. ಅಂದ ಹಾಗೆ, ಫೇಸ್‌ಬುಕ್ಕಿನಲ್ಲಿ 2009ರಿಂದ ಬಂದ ‘ಲೈಕ್’ ಗುಂಡಿಯ ಮೇಲೆ ಸ್ಪ್ಯಾನಿಷಿನವರು ‘ಮೆ ಗುಸ್ತಾ’ ಎಂದು ‘ನನಗೆ’ಯನ್ನು ಹೆಸರು ಹೇಳಿಯೇ ಬರೆಸಿಕೊಂಡರು. ನಾವು ‘ಲೈಕ್ ಮಾಡಿದೆ’ ಎನ್ನುತ್ತೇವೆ. ಹಿಡಿಸದಿದ್ದರೂ ಲೈಕ್ ಮಾಡಬಹುದು ಎಂಬುದು ಆ ಮಾತಿನಲ್ಲೇ ಇದೆ; ಆ ಮಟ್ಟಿಗೆ ಅದು ಪ್ರಾಮಾಣಿಕ.

‘ಗೆ’ ಎಷ್ಟು ದೊಡ್ಡ ಅಕ್ಷರವೆಂಬುದು ಹೆಣ್ಣು ನೋಡುವ ದಿನ ಗೊತ್ತಾಗುತ್ತದೆ. ಅವಲಕ್ಕಿ, ಚಹಾ ಮುಗಿದ ಮೇಲೆ ದೊಡ್ಡವರಲ್ಲಿ ಯಾರೋ ಒಬ್ಬರು ಮೆಲ್ಲಗೆ, ‘ಏನಾಯ್ತು, ಹುಡುಗಿ ಮನಸ್ಸಿಗೆ ಬಂದಳಾ?’ ಎಂದು ಕೇಳುತ್ತಾರೆ. ಯಾರ ಮನಸ್ಸಿಗೆ ಎಂದು ಹೇಳುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ. ಆ ವಾಕ್ಯದಲ್ಲಿ ಹುಡುಗಿ ಹಣ್ಣಿನ, ಮೀನಿನ, ಭಾಜಿಯ ಸ್ಥಾನದಲ್ಲಿದ್ದಾಳೆ. ‘ಬಂದಳಾ’ ಎಂದು ಕ್ರಿಯಾಪದ ಅವಳಿಗೇ ಹೊಂದಿಕೊಂಡಿದೆ. ವ್ಯಾಕರಣದ ಪ್ರಕಾರ ಅವಳೇ ಕರ್ತೃ. ಆದರೆ ಮನಸ್ಸು ಬೇರೆಯವರದು. ಶಾಲೆಯ ಪಾಠದಲ್ಲಿ ಪ್ರಥಮಾ ವಿಭಕ್ತಿಗೆ ಎಷ್ಟೇ ಮರ್ಯಾದೆಯಿರಲಿ, ಇಂಥ ವಾಕ್ಯದಲ್ಲಿ ಬೇಕಾದ ಸ್ಥಾನ ಚತುರ್ಥಿಯದು. ಒಳಗೆ ಅಡುಗೆಮನೆಯ ಬಾಗಿಲ ಹಿಂದೆ ನಿಂತವಳನ್ನು ಅಕ್ಕನೋ ಚಿಕ್ಕಮ್ಮನೋ ತೋಳು ಹಿಡಿದು, ‘ನಿಂಗೆ ಹೆಂಗನ್ನಿಸ್ತೇ?’ ಎಂದು ಕೇಳಿದರೆ ಆಗ ಅವಳಿಗೆ ಆ ಒಂದಕ್ಷರ ಸಿಕ್ಕಿತು. ಹಿಂದೆ ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆ ಬರುವ ಮೊದಲೇ ಎಲೆ ಅಡಿಕೆ ಬದಲಾಗಿರುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯಿತು. ಅಂಕೋಲೆ, ಕುಮಟೆ, ಶಿರಸಿಗಳಲ್ಲಿ, ಒಟ್ಟು ಉತ್ತರ ಕನ್ನಡ ಜಿಲ್ಲೆಯಲ್ಲಿ, ಬಹಳ ಹಿಡಿಸಿದ್ದನ್ನು ಜನ ನಿಜವಾಗಿ ಹೇಳುವುದು ‘ಗೆ’ ಹಾಕಿಯೂ ಅಲ್ಲ, ಬಿಟ್ಟೂ ಅಲ್ಲ. ಅದಕ್ಕೆ ಅಲ್ಲಿಯದೇ ಒಂದು ಪದವಿದೆ: ‘ಅಡ್ಡಿಲ್ಲ’. ಕರ್ತೃವಿಲ್ಲ, ಕರ್ಮವಿಲ್ಲ, ಸಂಪ್ರದಾನವೂ ಇಲ್ಲ. ಸಾರು ಅಡ್ಡಿಲ್ಲ, ಸಿನಿಮಾ ಅಡ್ಡಿಲ್ಲ, ಹುಡುಗ ಅಡ್ಡಿಲ್ಲ. ಬೇರೆ ಜಿಲ್ಲೆಯಿಂದ ಬಂದವರು ಇದನ್ನು ಕೇಳಿ, ಪರವಾಗಿಲ್ಲ, ಹೇಗೋ ನಡೆದೀತು ಎಂಬರ್ಥವೆಂದುಕೊಂಡು ಮುಖ ಸಣ್ಣಗೆ ಮಾಡಿಕೊಳ್ಳುವುದುಂಟು. ಹೇಳುವ ಧಾಟಿ ಕೇಳಬೇಕು. ಆ ಮೀನುಪೇಟೆಯಿಂದ ಇಸ್ವಣ ಕೊಂಡುಹೋದ ಅಂಕೋಲೆಯ ಹೆಂಗಸು ಮನೆಯಲ್ಲಿ ಸಾರು ಮಾಡಿ ಬಡಿಸುತ್ತಾಳೆ. ಗಂಡ ಎರಡನೇ ಸಲ ಅನ್ನ ಹಾಕಿಸಿಕೊಂಡು, ತಟ್ಟೆಯಿಂದ ತಲೆ ಎತ್ತದೆ, ‘ಅಡ್ಡಿಲ್ಲ’ ಎನ್ನುತ್ತಾನೆ. ಅವಳು ಕೇಳಿಸದವಳಂತೆ ಇನ್ನೊಂದು ತುಂಡು ಹಾಕುತ್ತಾಳೆ.